ಕಾಲಿಗಲ್ಲ, ಛಂದಕ್ಕೆ ಇಳಿಸಿದ ಕಾರು

ನನ್ನ ಕಾರು ಹಳೆಯದು. ನನ್ನ ಕೈಗೆ ಬರುವ ಹೊತ್ತಿಗೆ ಅದು ಇಬ್ಬರ ಮನೆ ನೋಡಿ ಬಂದಿತ್ತು. ಒಂದು ಕಾಲಕ್ಕೆ ಡಾಕ್ಟರು, ವಕೀಲರು, ಗುತ್ತಿಗೆದಾರರ ಮನೆ ಮುಂದೆಲ್ಲ ನಿಂತಿರುತ್ತಿದ್ದ, ಈಗ ಗುಜರಿ ಅಂಗಡಿಗಳಲ್ಲೇ ಹೆಚ್ಚು ಕಾಣುವ ಡಬ್ಬಿಯಾಕಾರದ ಸಣ್ಣ ಬಿಳಿ ಕಾರು. ಸವಣೂರಿನ ನಮ್ಮ ಮನೆಯಲ್ಲಿ ಸೇವು-ಖಾರಾ ಕರಿಯುವುದು ಗಂಡನ ಕೆಲಸ. ಅದನ್ನು ಡಬ್ಬಿಗಳಲ್ಲಿ ತುಂಬಿಕೊಂಡು ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರಿನ ಅಂಗಡಿಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಹಿಂದಿನ ಸೀಟು ತೆಗೆಸಿ ಡಬ್ಬಿ ಇಡಲು ಜಾಗ ಮಾಡಿಕೊಂಡಿದ್ದೇನೆ. ಒಳಗೆ ಕೂತರೆ ಯಾವಾಗಲೂ ಇಂಗು, ಬೆಳ್ಳುಳ್ಳಿಯ ವಾಸನೆ.

ನನ್ನ ಬಲಗಾಲು ಚಿಕ್ಕಂದಿನಲ್ಲೇ ಪೋಲಿಯೋಕ್ಕೆ ಹೋಯಿತು. ಎಡಗಾಲು ಗಟ್ಟಿಯಿದೆ. ಕಂಕುಳಲ್ಲಿ ಒಂದು ಊರುಗೋಲು ಇದ್ದರೆ ಎಲ್ಲಿ ಬೇಕಾದರೂ ನಡೆಯುತ್ತೇನೆ. ಕಾರಿನಲ್ಲಿ ಕ್ಲಚ್ಚಿಗೆ ಎಡಗಾಲು. ಬ್ರೇಕಿಗೂ ಎಕ್ಸಲರೇಟರಿಗೂ ಸ್ಟೇರಿಂಗಿನ ಬಲಕ್ಕೆ ಒಂದು ಕಬ್ಬಿಣದ ಹಿಡಿಕೆ. ಮುಂದೆ ಒತ್ತಿದರೆ ನಿಲ್ಲುತ್ತದೆ, ಹಿಂದೆ ಎಳೆದರೆ ಓಡುತ್ತದೆ. ಶಿಗ್ಗಾವಿಯ ಮಿಸ್ತ್ರಿ ಅದನ್ನು ಕೂರಿಸಿಕೊಟ್ಟ ದಿನವೇ ನಾನು ಒಬ್ಬಳೇ ಸವಣೂರಿಗೆ ಓಡಿಸಿಕೊಂಡು ಬಂದೆ. ದಾರಿಯಲ್ಲಿ ಹೆದರಿಕೆಯಾಗಲಿಲ್ಲವೇ ಎಂದು ಮಂದಿ ಈಗಲೂ ಕೇಳುತ್ತಾರೆ. ಇಲ್ಲ. ಚಿಕ್ಕಂದಿನಿಂದ ಬಸ್ಸು ಹತ್ತಿಸುವವರ, ಇಳಿಸುವವರ ಕೈ ಹಿಡಿದು ಸಾಕಾಗಿದ್ದವಳಿಗೆ ಅದೊಂದು ಹೆದರಿಕೆಯೇ?

ಕಾರನ್ನು ಇಳಿಸಬೇಕೆಂಬ ಆಸೆ ಹುಟ್ಟಿದ್ದು ಗೊಟಗೋಡಿಯಲ್ಲಿ. ಶಿಗ್ಗಾವಿಯಲ್ಲಿ ಡಬ್ಬಿ ಇಳಿಸಿ, ಗೊಟಗೋಡಿಯ ಶಿಲ್ಪಗಳ ಗಾರ್ಡನ್ ಎದುರಿನ ಚಹಾದಂಗಡಿಗೂ ಒಂದಷ್ಟು ಪೊಟ್ಟಣ ಕೊಟ್ಟು ಹೊರಟಿದ್ದೆ. ನೋಡಲು ಬಂದವರ ಗಾಡಿಗಳ ಸಾಲಿನಲ್ಲಿ ನನ್ನದೇ ಮಾದರಿಯ ಒಂದು ಕೆಂಪು ಕಾರು ನಿಂತಿತ್ತು. ನನ್ನದೇ ಮಾದರಿ, ಆದರೆ ನನ್ನದರಂತೆ ಗಾಲಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತಂತೆ ಇರಲಿಲ್ಲ. ಮೈಯೆಲ್ಲ ನೆಲಕ್ಕೆ ಹತ್ತಿಕೊಂಡು, ಗಾಲಿಯ ಮೇಲಂಚು ಮಡ್‌ಗಾರ್ಡಿನೊಳಗೆ ಅಡಗಿತ್ತು. ನನ್ನ ಕಾರಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಇಡೀ ಕೈ ತೂರಿಸಬಹುದು. ಅದರಲ್ಲಿ ಎರಡು ಬೆರಳು ಹೋದರೆ ಹೆಚ್ಚು.

ನಾನು ಗಾಡಿ ಬದಿಗೆ ಹಾಕಿ ಇಳಿದೆ. ಅದರ ಮಾಲೀಕ ಹುಬ್ಬಳ್ಳಿ ಕಡೆಯ ಹುಡುಗ. ಹೊಸದಾಗಿ ಮದುವೆಯಾದವನಿರಬೇಕು, ಹೆಂಡತಿಯ ಜೊತೆ ನಿಂತು ಚುರುಮುರಿ ತಿನ್ನುತ್ತಿದ್ದ.

"ತಮ್ಮಾ, ಇದನ್ನ ಹೆಂಗ ಇಳಿಸೀರಿ?" ಎಂದೆ.

ಅವನು ನನ್ನ ಊರುಗೋಲು ನೋಡಿದ, ಆಮೇಲೆ ನನ್ನ ಕಾರು ನೋಡಿದ. "ಸ್ಪ್ರಿಂಗ್ ಬದಲಿ ಮಾಡೇನ್ರಿ. ಆದ್ರ ನಿಮಗ ಬ್ಯಾಡ್ರಿ ಅಕ್ಕಾರ. ಇಷ್ಟು ಕೆಳಗ ಕುಂತ್ರ ಏಳಾಕ ಭಾಳ ತ್ರಾಸ ಆಕ್ಕೈತಿ."

"ಏಳೂದು ನನಗ ಬಿಡ್ರಿ. ರೋಡಿಗೆ ತಾಗೂದಿಲ್ಲೇನು?"

"ತಾಗ್ತೈತಿ," ಎಂದು ಅವನ ಹೆಂಡತಿಯೇ ನಕ್ಕಳು. "ತಾಗಿದಾಗೊಮ್ಮೆ ಇವರ ಮಾರಿ ನೋಡಬೇಕ್ರಿ ನೀವು."

ಅವತ್ತು ಮನೆಗೆ ಬರುವಷ್ಟರಲ್ಲಿ ನನ್ನ ನಿರ್ಧಾರ ಮುಗಿದಿತ್ತು. ಗಂಡ ಬಾಣಲೆಯ ಮುಂದೆ ನಿಂತು ಸೇವು ಒತ್ತುತ್ತಿದ್ದ. ಅತ್ತೆ ಕಟ್ಟೆಯ ಮೇಲೆ ಕೂತು ಶೇಂಗಾ ಹಸನು ಮಾಡುತ್ತಿದ್ದರು. ನಾನು ಒಳಗೆ ಬಂದವಳೇ ಹೇಳಿದೆ: "ಕಾರು ಇಳಿಸ್ತೇನಿ."

"ಏನು ಇಳಿಸ್ತಿ?" ಎಂದ ಗಂಡ, ಎಣ್ಣೆಯಿಂದ ಕಣ್ಣು ತೆಗೆಯದೆ.

"ಕಾರು. ಸ್ಪ್ರಿಂಗ್ ಸಣ್ಣದು ಮಾಡಿಸಿ ಕೆಳಗ ಇಳಿಸ್ತೇನಿ."

"ನಮ್ಮ ರೋಡ್ ನೋಡಿಯೇನು? ಹಾನಗಲ್ಲ ರೋಡಿನ ಹಂಪ್ ಒಂದೊಂದೂ ಬದುವಿನಷ್ಟು ಎತ್ತರ ಅದಾವು. ಈಗಿದ್ದದ್ದ ದಾಟೂದು ಕಷ್ಟ."

ಅವನು ಇನ್ನೂ ಏನೋ ಹೇಳುವವನಿದ್ದ. ಅಷ್ಟರಲ್ಲಿ ಅತ್ತೆ ಮೊರ ಬದಿಗಿಟ್ಟರು. "ಮಾಡಿಸ್ಕೊಳ್ಳಲಿ ಬಿಡೋ. ಪಾಪ, ಹತ್ತಾಕ ಇಳ್ಯಾಕ ಕಾಲಿಗೆ ಅನುಕೂಲ ಆಕ್ಕೈತಿ. ನಮಗ್ಯಾರಿಗೂ ಇಷ್ಟು ದಿವಸ ಹೊಳೀಲಿಲ್ಲ ನೋಡು."

ಗಂಡನ ಮುಖ ಕೂಡಲೇ ಮೆತ್ತಗಾಯಿತು. "ಹೌದಲ್ಲ," ಎಂದ. "ಮೊದಲ ಹೇಳಬಾರದಿತ್ತೇನ?"

ನನಗೆ ಸಿಟ್ಟು ಬಂತು. ಮದುವೆಯಾದಾಗಿನಿಂದ ಈ ಮನೆಯಲ್ಲಿ ನಾನು ಏನು ಕೇಳಿದರೂ ಇಲ್ಲವೆಂದವರಿಲ್ಲ. ಆದರೆ ಪ್ರತಿಯೊಂದೂ ನನ್ನ ಬಲಗಾಲಿನ ದಾರಿಯಿಂದಲೇ ನನ್ನ ಹತ್ತಿರ ಬರುತ್ತಿತ್ತು. ಮಿಕ್ಸರ್ ಬಂದದ್ದು ಕಾಲಿಗಾಗಿ, ಮಂಚ ಬಂದದ್ದು ಕಾಲಿಗಾಗಿ, ಕಾರು ಬಂದದ್ದೂ ಕಾಲಿಗಾಗಿ. ಹಸಿರು ಬಣ್ಣದ್ದೇ ಸೀರೆ ಬೇಕೆಂದರೂ ಅದರಲ್ಲೊಂದು ಕಾಲಿನ ಕಾರಣ ಹುಡುಕುವಂಥ ಪ್ರೀತಿ ಅವರದು.

"ಕಾಲಿಗಲ್ಲ," ಎಂದೆ. "ಕಾಲಿಗೆ ಇನ್ನೂ ತ್ರಾಸ ಆಕ್ಕೈತಿ. ನೋಡಾಕ ಛಂದ ಕಾಣ್ತೈತಿ, ಅದಕ್ಕ ಇಳಿಸ್ತೇನಿ."

ಅತ್ತೆ ಮತ್ತು ಗಂಡ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಕೋಚಕ್ಕೆ ಹೀಗೆ ಹೇಳುತ್ತಿದ್ದಾಳೆ ಎಂದು ಇಬ್ಬರೂ ತೀರ್ಮಾನಿಸಿದ್ದು ನನಗೆ ಸ್ಪಷ್ಟ ಕಾಣಿಸಿತು. ಗಂಡ ಸೇವು ತೆಗೆದು ಜರಡಿಗೆ ಹಾಕುತ್ತ, "ಆತು ಮಾಡಿಸು," ಎಂದ, ಬಹಳ ಮೃದುವಾಗಿ.

ಶಿಗ್ಗಾವಿಯ ಮಿಸ್ತ್ರಿ ದೊಡ್ಡ ದನಿಯ ಮನುಷ್ಯ. ಹೆದ್ದಾರಿಯ ಮಗ್ಗುಲಲ್ಲಿ ಅವನ ಗ್ಯಾರೇಜು. ಲಾರಿಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಎದುರಿಗೆ ಕೂತವರ ಜೊತೆಗೂ ಕೂಗಿಯೇ ಮಾತಾಡುವುದು ರೂಢಿಯಾಗಿತ್ತು. ಯಾವ ಕೆಲಸಕ್ಕೂ ಆಗುವುದಿಲ್ಲ ಎಂದವನಲ್ಲ. ನನ್ನ ಬ್ರೇಕಿನ ಹಿಡಿಕೆಯನ್ನೂ ಅವನು ಎಲ್ಲೂ ನೋಡಿರಲಿಲ್ಲ. ನಾನು ಬಾಯಲ್ಲಿ ಹೇಳಿದ್ದನ್ನು ಕೇಳಿಯೇ ಮಾಡಿದ್ದ.

"ಫಿಕರ್ ಮಾಡಬ್ಯಾಡ್ರಿ ಅಕ್ಕಾ," ಎಂದು ಕೂಗಿದ. "ಸ್ಪ್ರಿಂಗ್ ಬಿಚ್ಚೂದು, ಒಂದು ಸುತ್ತು ಕತ್ತರಿಸೂದು, ಹಾಕೂದು. ಸಂಜಿ ಅನ್ನೂದ್ರಾಗ ನಿಮ್ಮ ಗಾಡಿ ನೆಲಾ ಮುಟ್ಟಬೇಕು."

"ಕತ್ತರಿಸಿದ್ರ ನಡೀತೈತೇನು? ಆ ಹುಡುಗ ಬದಲಿ ಮಾಡೇನಿ ಅಂದಿದ್ದ."

"ಹೊಸಾದು ತರಿಸಿದ್ರೂ ಅಷ್ಟ, ಇದ್ದದ್ದು ಕತ್ತರಿಸಿದ್ರೂ ಅಷ್ಟ. ಸಣ್ಣದಾದ್ರ ಆತಲ್ಲ?"

ನನಗೂ ಅವಸರವಿತ್ತು. ಆಗಲಿ ಎಂದೆ. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಲ್ಲೇ ಕೂತು ನೋಡಿದೆ. ನಾಲ್ಕೂ ಸ್ಪ್ರಿಂಗುಗಳನ್ನು ಬಿಚ್ಚಿ ಗೋಣಿಚೀಲದ ಮೇಲೆ ಸಾಲಾಗಿ ಇಟ್ಟ. ಕಟರ್ ಹಿಡಿದಾಗ ಕಿಡಿ ಗ್ಯಾರೇಜಿನ ಬಾಗಿಲವರೆಗೂ ಹಾರಿತು. ಎಲ್ಲ ಕೂರಿಸಿ ಜಾಕ್ ಇಳಿಸಿದ ಮೇಲೆ ಕಾರು ಒಂದು ಉಸಿರು ಬಿಟ್ಟಂತೆ ಕೆಳಗೆ ಕೂತಿತು. ಗೊಟಗೋಡಿಯ ಕೆಂಪು ಕಾರಿಗಿಂತಲೂ ಕೆಳಗೆ. ನಾನು ಸುತ್ತು ಹಾಕಿ ನೋಡಿದೆ. ರಸ್ತೆಯ ಆಚೆ ದಾಟಿ ಹೋಗಿ ದೂರದಿಂದಲೂ ನೋಡಿದೆ. ಅಷ್ಟು ವರ್ಷ ನನ್ನ ಜೊತೆಗಿದ್ದ ಕಾರು ಇಷ್ಟು ಛಂದವಿರಬಹುದು ಎಂದು ನನಗೇ ಗೊತ್ತಿರಲಿಲ್ಲ.

ಸವಣೂರಿಗೆ ಬರುವ ದಾರಿಯಲ್ಲಿ ರಸ್ತೆಯ ಒಂದೊಂದು ಹರಳೂ ಬೆನ್ನಿಗೆ ತಿಳಿಯಿತು. ಊರೊಳಗೆ ಹಳೆಯ ಮಸೀದಿಯ ತಿರುವಿನಲ್ಲಿ ವೀಳ್ಯದೆಲೆಯ ಬುಟ್ಟಿ ಕಟ್ಟುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಅವರಲ್ಲೊಬ್ಬ, "ಅಕ್ಕಾರ, ಗಾಲಿಯಾಗ ಗಾಳಿ ಇಲ್ಲ ನೋಡ್ರಿ!" ಎಂದು ಕೂಗಿದ. ನನಗೆ ಬೇಸರವಾಗಲಿಲ್ಲ. ನೋಡಿದನಲ್ಲ, ಸಾಕು.

ಆ ಖುಷಿ ಹಾನಗಲ್ಲಿನ ಸರದಿ ಬರುವವರೆಗೆ. ಅವತ್ತು ಹಿಂದೆ ಡಬ್ಬಿ ತುಂಬಿದ್ದವು. ಹಂಪುಗಳನ್ನೆಲ್ಲ ಓರೆಯಾಗಿ, ಒಂದು ಗಾಲಿ ಆದಮೇಲೆ ಒಂದು ಗಾಲಿ ದಾಟಿಸಿಕೊಂಡು ಬಂದಿದ್ದೆ. ಹಂಪುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೆ, ತಗ್ಗುಗಳನ್ನಲ್ಲ. ಗೋವಿನಜೋಳದ ಹೊಲಗಳ ನಡುವೆ ಒಂದು ಕಡೆ ಡಾಂಬರು ಕಿತ್ತು ದೊಡ್ಡ ತಗ್ಗು ಬಿದ್ದಿತ್ತು. ಹಿಂದಿನ ಎಡಗಾಲಿ ಅದರೊಳಗೆ ಇಳಿಯಿತು. ಧಡ್ ಎಂದು ಸದ್ದಾಯಿತು. ಮೇಲೆ ಬಂದಾಗ ಕಾರು ಎಡಕ್ಕೆ ವಾಲಿತ್ತು, ಹಿಂದಿನಿಂದ ಕಬ್ಬಿಣ ತಿಕ್ಕುವ ಸದ್ದು.

ಬದಿಗೆ ನಿಲ್ಲಿಸಿ ಇಳಿದೆ. ಕೆಳಗಿನಿಂದ ಏಳುವುದು ಆ ಹುಡುಗ ಹೇಳಿದ್ದಕ್ಕಿಂತ ತ್ರಾಸವೇ. ಎರಡೂ ಕಾಲು ಹೊರಗಿಟ್ಟು, ಬಾಗಿಲ ಮೇಲಂಚು ಹಿಡಿದು, ಕೋಲು ಊರಿ, ಮೈಯನ್ನು ಕೈಯ ಬಲದಲ್ಲೇ ಎತ್ತಬೇಕು. ಹಿಂದೆ ಹೋಗಿ ಗೋಣಿಚೀಲ ಹಾಸಿ ನೆಲದ ಮೇಲೆ ಕೂತೆ. ಗಾಲಿಯ ಮೇಲಿನ ಸ್ಪ್ರಿಂಗು ತನ್ನ ಜಾಗ ಬಿಟ್ಟು ಓರೆಯಾಗಿ ಸಿಕ್ಕಿಕೊಂಡಿತ್ತು.

ಹೊಲದಲ್ಲಿ ಕಳೆ ತೆಗೆಯುತ್ತಿದ್ದ ನಾಲ್ಕಾರು ಹೆಣ್ಣುಮಕ್ಕಳು ಬದುವಿಗೆ ಬಂದು ನಿಂತರು. ಅವರಲ್ಲಿ ಹಿರಿಯಳು, ತಲೆಗೆ ಟವೆಲ್ ಸುತ್ತಿಕೊಂಡಿದ್ದವಳು, ನನ್ನ ಕೋಲು ನೋಡಿ ಲೊಚಗುಟ್ಟಿದಳು.

"ಅಯ್ಯ ಯವ್ವಾ, ನಿನ್ನಂಥಾಕಿಗೆ ಇಂಥಾ ಮುರುಕು ಗಾಡಿ ಕೊಟ್ಟು ಕಳಿಸ್ಯಾರಲ್ಲ! ಮನ್ಯಾಗ ಗಂಡಸರು ಇಲ್ಲೇನು?"

"ಅದಾನ," ಎಂದೆ. "ಒಲಿ ಮುಂದ ಖಾರಾ ಕರ್ಯಾಕತ್ತಾನ."

ಉಳಿದವರೆಲ್ಲ ಗೊಳ್ಳೆಂದು ನಕ್ಕರು. ಹಿರಿಯಳಿಗೂ ನಗು ತಡೆಯಲಾಗಲಿಲ್ಲ. "ಹಂಗಾದ್ರ ನಿನ್ನ ಸಂಸಾರ ನೆಟ್ಟಗ ಐತಿ ಬಿಡು. ಈಗ ಏನು ಮಾಡಬೇಕು ಹೇಳು."

ಅವರು ಕಲ್ಲು ತಂದು ಉಳಿದ ಗಾಲಿಗಳಿಗೆ ಕೊಟ್ಟರು. ನಾನು ಕೂತಲ್ಲಿಂದಲೇ ಜಾಕ್ ತಿರುಗಿಸಿ ಕಾರಿನ ಮೈ ಎತ್ತಿದೆ; ಮೈ ಕೆಳಗೂ ದೊಡ್ಡ ಕಲ್ಲು ಕೊಡಿಸಿದೆ. ಮೈ ಮೇಲೇರಿದಂತೆ ಗಾಲಿ ಕೆಳಗೆ ಜೋತುಬಿತ್ತು. ಸ್ಪ್ರಿಂಗು ಮಾತ್ರ ಮೇಲಿನ ತುದಿಗೆ ಮುಟ್ಟದೆ, ನಡುವೆ ಸಡಿಲಾಗಿ ನಿಂತಿತು. ಕೈಯಲ್ಲಿ ಅಲ್ಲಾಡಿಸಿದರೆ ಗಡಗಡ ಅಲ್ಲಾಡುತ್ತಿತ್ತು. ಆಗ ನನಗೆ ವಿಷಯ ತಿಳಿಯಿತು. ಕಾರು ನಿಂತಾಗ ಸ್ಪ್ರಿಂಗು ತೂಕದಡಿ ಸಿಕ್ಕು ಸುಮ್ಮನಿರುತ್ತದೆ. ಗಾಲಿ ತಗ್ಗಿನಲ್ಲಿ ಇಳಿದಾಗ, ಕತ್ತರಿಸಿ ಗಿಡ್ಡವಾದ ಸ್ಪ್ರಿಂಗಿಗೆ ಮೇಲೂ ಕೆಳಗೂ ಎರಡೂ ಕಡೆ ಮುಟ್ಟುವಷ್ಟು ಉದ್ದವಿಲ್ಲ. ಸ್ಪ್ರಿಂಗು ಗಿಡ್ಡ ಮಾಡಿದರೆ ಸಾಲದು, ಗಾಲಿ ಕೆಳಗೆ ಜಾರುವ ದೂರವನ್ನೂ ಗಿಡ್ಡ ಮಾಡಬೇಕು. ಅದನ್ನು ನಾವು ಮಾಡಿರಲಿಲ್ಲ.

ಒಬ್ಬಳು ಕುರ್ಪಿಯ ಹಿಡಿಕೆಯಿಂದ ಸ್ಪ್ರಿಂಗಿನ ಬುಡ ಒತ್ತಿ ಹಿಡಿದಳು, ನಾನು ಅದರ ಮೇಲ್ತುದಿಯನ್ನು ತಿರುಗಿಸಿ ಜಾಗಕ್ಕೆ ತಂದೆ. ಜಾಕ್ ಇಳಿಸಿದಾಗ ಕಾರು ನೆಟ್ಟಗೆ ಕೂತಿತು. ಒಂದು ಡಬ್ಬಿಯ ಮುಚ್ಚಳ ತೆಗೆದು ಎಲ್ಲರ ಉಡಿಗೂ ಖಾರಾ ಹಾಕಿದೆ. ಹಿರಿಯಳು ಬಾಯಾಡಿಸುತ್ತ ಕಾರಿನ ಸುತ್ತ ಒಂದು ಸುತ್ತು ಬಂದಳು.

"ಇದು ಇಷ್ಟು ಕುಳ್ಳ ಯಾಕ ಐತಿ?"

"ನಾನ ಮಾಡಿಸೇನಿ. ಛಂದ ಕಾಣ್ಲಿ ಅಂತ."

ಅವಳು ಸ್ವಲ್ಪ ಹಿಂದೆ ಸರಿದು, ಕಣ್ಣು ಸಣ್ಣಗೆ ಮಾಡಿ ನೋಡಿ, "ಹೂಂ," ಎಂದಳು. ಪಾಪ ಎನ್ನಲಿಲ್ಲ. ಅಷ್ಟಕ್ಕೇ ಅವಳು ನನಗೆ ಹಿಡಿಸಿದಳು.

ಹಾನಗಲ್ಲಿನ ಅಂಗಡಿಗಳಿಗೆ ಡಬ್ಬಿ ಕೊಟ್ಟು, ಎತ್ತಿನ ಬಂಡಿಯ ವೇಗದಲ್ಲಿ ವಾಪಸು ಬಂದೆ. ಮರುದಿನ ನೇರ ಮಿಸ್ತ್ರಿಯ ಹತ್ತಿರ. ನಾನು ನಡೆದದ್ದನ್ನು ಹೇಳಿದಾಗ, ಆ ಮನುಷ್ಯ ಕೂಗುವುದನ್ನು ಮರೆತ. ಗಾಲಿಯ ಹತ್ತಿರ ಕುಳಿತು ಬಹಳ ಹೊತ್ತು ಕೈಯಾಡಿಸಿದ.

"ತಪ್ಪು ನಂದು ಅಕ್ಕಾ," ಎಂದ ಕೊನೆಗೆ. "ಹಳೇ ಗಾಡೀದು ಪೂರಾ ಉದ್ದದ ಸ್ಪ್ರಿಂಗ್ ಸಿಗ್ತಾವು. ಮೊದಲಿದ್ದಂಗ ಎತ್ತರ ಮಾಡಿಕೊಡ್ತೇನಿ. ನೀವು ಒಬ್ರ ತಿರಗ್ಯಾಡವ್ರು, ನಿಮ್ಮ ಕಾಲಿಗೆ ಏನರ ಆದ್ರ..."

"ನನ್ನ ಕಾಲಿಗೆ ಆಗೂದೆಲ್ಲ ಯಾವಾಗೋ ಆಗಿ ಹೋಗೈತಿ," ಎಂದೆ. "ಎತ್ತರ ಬ್ಯಾಡ. ಕೆಳಗ ಇರಬೇಕು, ಬಿಚ್ಚಿಕೊಳ್ಳಬಾರದು. ಅದಕ್ಕ ಏನು ಮಾಡಬೇಕು ಹೇಳ್ರಿ."

ಅವನು ಚಹಾ ತರಿಸಿದ. ಇಬ್ಬರೂ ಕೂತು ಮಾತಾಡಿದೆವು. ರಸ್ತೆಬದಿ ಕೂತಾಗ ಕಂಡದ್ದನ್ನು ನಾನು ಹೇಳಿದೆ. ಗಾಲಿ ಎಷ್ಟು ಕೆಳಗೆ ಇಳಿಯಬೇಕೆಂದು ತೀರ್ಮಾನಿಸುವುದು ಶಾಕ್‌ಅಬ್ಸಾರ್ಬರ್ ಎಂದು ಅವನು ಹೇಳಿದ. ಅದನ್ನೇ ಗಿಡ್ಡದು ಹಾಕಿದರೆ ಗಾಲಿ ತಗ್ಗಿನಲ್ಲೂ ಹೆಚ್ಚು ಜಾರುವುದಿಲ್ಲ, ಸ್ಪ್ರಿಂಗಿನ ಹಿಡಿತ ತಪ್ಪುವುದಿಲ್ಲ. ಸ್ಪ್ರಿಂಗನ್ನೂ ಕತ್ತರಿಸಬಾರದು, ಗಿಡ್ಡವಾಗಿಯೇ, ಸ್ವಲ್ಪ ದಪ್ಪ ತಂತಿಯಲ್ಲಿ ಸುತ್ತಿದ್ದು ಬೇಕು. ಆಗ ಡಬ್ಬಿ ತುಂಬಿದರೂ ಕುಸಿಯುವುದಿಲ್ಲ. ಹುಬ್ಬಳ್ಳಿಯಲ್ಲಿ ಅಂಥದ್ದು ಮಾಡಿಕೊಡುವವರು ಅವನಿಗೆ ಗೊತ್ತಿದ್ದರು. ಫೋನು ಹಚ್ಚಿದ. ಫೋನಿನಲ್ಲಿ ಅವನ ದನಿ ಮತ್ತೆ ಮೊದಲಿನಂತಾಯಿತು.

ಸಾಮಾನು ಬರುವವರೆಗೆ ಕಾರು ಅವನಲ್ಲೇ ಉಳಿಯಿತು. ನಾನು ಬಸ್ಸಿನಲ್ಲಿ ಡಬ್ಬಿ ಹಾಕಿಸಿ ಓಡಾಡಿದೆ. ಕಾರು ಬಂದಮೇಲೆ ಮರೆತೇಹೋಗಿದ್ದ ಆ ಕೈಗಳು, "ನಿಂದರ್ರಿ ಅಕ್ಕಾರ, ಹಿಡೀತೇನ್ರಿ," ಎನ್ನುತ್ತ ಮತ್ತೆ ಕಂಕುಳಿಗೆ ಬಂದವು. ಒಳ್ಳೆಯ ಮನಸ್ಸಿನ ಕೈಗಳೇ. ಆದರೂ ದಿನ ಎಣಿಸಿದೆ.

ಹೊಸ ಸ್ಪ್ರಿಂಗು ಕೂರಿಸುವ ದಿನ ಎತ್ತರದ ವಿಷಯಕ್ಕೆ ನಮ್ಮಿಬ್ಬರಲ್ಲಿ ಸಣ್ಣ ಜಗಳವಾಯಿತು. ಮಿಸ್ತ್ರಿ ಗಾಲಿಯ ಮೇಲೆ ನಾಲ್ಕು ಬೆರಳಿಟ್ಟು, "ಇಷ್ಟು ಇರಲಿ," ಎಂದ. ನಾನು ಎರಡು ಬೆರಳೆಂದೆ. "ಹಾನಗಲ್ಲ ರೋಡ್ ಅಕ್ಕಾ!" ಎಂದು ಕೂಗಿದ. "ಹಾನಗಲ್ಲ ರೋಡ್ ನಾ ನೋಡ್ಕೋತೇನಿ!" ಎಂದು ನಾನೂ ಕೂಗಿದೆ. ಕೊನೆಗೆ ಮೂರು ಬೆರಳಿಗೆ ನಿಂತಿತು. ಅವನ ಬೆರಳು ನನ್ನವಕ್ಕಿಂತ ದಪ್ಪ ಎಂಬುದನ್ನು ಆಮೇಲೆ ಮನೆಯಲ್ಲಿ ಅಳೆದಾಗ ಗಮನಿಸಿದೆ, ಹೋಗಲಿ ಎಂದುಕೊಂಡೆ.

ಈ ಸಲ ಕಾರಿನ ನಡಿಗೆಯೇ ಬೇರೆ. ಸೆಟೆದಿತ್ತು, ಆದರೆ ಕುಟ್ಟುತ್ತಿರಲಿಲ್ಲ. ತಿರುವಿನಲ್ಲಿ ಮೊದಲಿನಂತೆ ಹೊಯ್ದಾಡದೆ ಹಿಡಿದುಕೊಂಡು ಹೋಯಿತು. ಕಬ್ಬಿಣದ ಹಿಡಿಕೆಯನ್ನು ಒತ್ತಿದರೆ ಮೂಗು ತಗ್ಗಿಸದೆ ನಿಂತಿತು. ಮಿಸ್ತ್ರಿಯೇ ಪಕ್ಕದಲ್ಲಿ ಕೂತು ಬಂದು, ಬೇಕೆಂದೇ ತಗ್ಗಿರುವ ಕಡೆಯೆಲ್ಲ ಇಳಿಸಲು ಹೇಳಿದ. ಒಂದು ಸಲವೂ ಸದ್ದು ಬರಲಿಲ್ಲ.

ಹಾಗೆಂದು ಏನೂ ಕಳೆದುಕೊಳ್ಳಲಿಲ್ಲ ಎಂದಲ್ಲ. ಚಿಕ್ಕೇರೂರಿನಲ್ಲಿ ಒಂದು ಅಂಗಡಿಗೆ ಹೊಲದ ದಾರಿಯಲ್ಲಿ ಹೋಗಬೇಕು. ಟ್ರ್ಯಾಕ್ಟರ್ ಗಾಲಿಯ ಜಾಡಿನ ನಡುವೆ ಮಣ್ಣು ದಿಬ್ಬದಂತೆ ನಿಂತಿರುತ್ತದೆ. ನನ್ನ ಕಾರು ಅದರ ಮೇಲೆ ಹೊಟ್ಟೆ ಊರಿ ಕೂತುಬಿಡುತ್ತದೆ. ಒಮ್ಮೆ ಕೂತೂ ಬಿಟ್ಟಿತು, ಟ್ರ್ಯಾಕ್ಟರೇ ಬಂದು ಎಳೆಯಬೇಕಾಯಿತು. ಈಗ ನಾನು ಡಾಂಬರಿನ ಮೇಲೇ ನಿಂತು ಫೋನು ಮಾಡುತ್ತೇನೆ. ಅಂಗಡಿಯವನು ಸೈಕಲ್ಲಿನಲ್ಲಿ ಬಂದು, ಗೊಣಗಿ, ಡಬ್ಬಿ ಒಯ್ಯುತ್ತಾನೆ. ಸೈಲೆನ್ಸರಿನ ಹೊಟ್ಟೆಯ ಮೇಲೆ ಗೀರುಗಳಿವೆ. ಇಳಿಯಲು ಏಳಲು ಅನುಕೂಲಕ್ಕೆ ಬಾಗಿಲ ಮೇಲೆ ಹಗ್ಗದ ಹಿಡಿಕೆಯೊಂದನ್ನು ಕಟ್ಟಿಕೊಂಡಿದ್ದೇನೆ. ಅದರಿಂದ ನನ್ನ ತೋಳುಗಳು ಗಟ್ಟಿಯಾಗಿವೆ. ರವಿಕೆಯ ತೋಳು ಬಿಡಿಸಿ ಹೊಲಿಸಬೇಕಾಯಿತು.

ಆ ಹಿಡಿಕೆ ಹಿಡಿದು ಏಳುವುದನ್ನು ಅತ್ತೆ ಒಂದು ದಿನ ಅಂಗಳದಲ್ಲಿ ನಿಂತು ನೋಡಿದರು. ಅವತ್ತು ನಾನು ದಣಿದಿದ್ದೆ. ಮೊದಲ ಸಲ ಎದ್ದವಳು ಹಿಂದಕ್ಕೆ ಕೂತು, ಎರಡನೆಯ ಸಲಕ್ಕೆ ಎದ್ದೆ.

"ಖರೇನ ತ್ರಾಸ ಆಕ್ಕೈತಲ್ಲ ನಿನಗ," ಎಂದರು ಅತ್ತೆ.

"ಹೂಂ ಅತ್ತಿ. ಮೊದಲ ಹೇಳಿದ್ನಲ್ಲ."

"ಮತ್ಯಾಕ ಮಾಡಿಸಿದಿ?"

"ಛಂದ ಕಾಣ್ತೈತಿ ಅಂತ. ಅದನ್ನೂ ಹೇಳಿದ್ದೆ."

ಅತ್ತೆ ಕಾರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಸೆರಗು ಸರಿಸಿ ತಮ್ಮ ಕಿವಿಯ ಮೇಲ್ಭಾಗ ತೋರಿಸಿದರು. ಅಲ್ಲಿ ಬುಗುಡಿ ಹಾಕುತ್ತಿದ್ದ ತೂತು ಜಗ್ಗಿ ಸೀಳಿ, ಗಾಯ ಆರಿದ ಗೆರೆಯಿತ್ತು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅದನ್ನು ನೋಡಿರಲಿಲ್ಲ.

"ಭಾಳ ಭಾರ ಇದ್ವು ನನ್ನ ಬುಗುಡಿ," ಎಂದರು. "ಮಲಗಿದ್ರ ಚುಚ್ಚತಿದ್ವು. ನಿಮ್ಮ ಮಾವ ತಗೀ ತಗೀ ಅಂತಿದ್ರು. ಕಿವಿ ಹರಿಯೂತನಕ ನಾ ತಗೀಲಿಲ್ಲ." ಸೆರಗು ಮತ್ತೆ ಹೊದ್ದುಕೊಂಡರು. "ಕೈಕಾಲು ತೊಳ್ಕೊಂಡು ಬಾ, ರೊಟ್ಟಿ ಹಾಕ್ತೇನಿ."

ಅಂದಿನಿಂದ ನಮ್ಮ ಮನೆಯಲ್ಲಿ ಕಾರಿನ ಮಾತು ಬಂದಾಗ ಯಾರೂ ಕಾಲಿನ ಮಾತು ತೆಗೆಯುವುದಿಲ್ಲ. ಬೀದಿಯವರು ಯಾರಾದರೂ, "ಕಾಲಿಗೆ ಅಂತ ಮಾಡಿಸ್ಯಾರೇನ್ರಿ?" ಎಂದು ಕೇಳಿದರೆ ಅತ್ತೆಯೇ ತಿದ್ದುತ್ತಾರೆ: "ಕಾಲಿಗಲ್ಲ. ನಮ್ಮಾಕೀದು ಶೋಕಿ." ಆ ಮಾತಿನಲ್ಲಿ ಬೈಗುಳವೂ ಇದೆ, ಹೆಮ್ಮೆಯೂ ಇದೆ.

ಕಳೆದ ವಾರ ಅವರು ಹಾನಗಲ್ಲಿಗೆ ಬರುತ್ತೇನೆಂದರು. ಅಲ್ಲಿ ಅವರ ತಂಗಿಯ ಮನೆ. ಹೊಸ ಇಲಕಲ್ಲ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಡಬ್ಬಿಗಳು. ಊರು ದಾಟಿ ಎಲೆತೋಟಗಳ ಹಸಿರು ಮುಗಿದ ಮೇಲೆ ಹಂಪುಗಳು ಶುರುವಾದವು. ಪ್ರತಿ ಹಂಪು ಹತ್ತಿರ ಬಂದಾಗಲೂ ಅತ್ತೆ ಬಾಗಿಲ ಹಿಡಿ ಹಿಡಿದು, ಸೀಟಿನಿಂದ ಸ್ವಲ್ಪ ಮೇಲೆದ್ದು, ಉಸಿರು ಬಿಗಿಹಿಡಿಯುತ್ತಿದ್ದರು. ಏನು ಮಾಡುತ್ತಿದ್ದಾರೆಂದು ಮೊದಲು ನನಗೆ ಅರ್ಥವಾಗಲಿಲ್ಲ.

"ಯಾಕತ್ತಿ, ಬೆನ್ನು ನೋಯಾಕತ್ತೈತೇನು?"

"ಇಲ್ಲವಾ. ನನ್ನ ಭಾರಕ್ಕ ಕೆಳಗ ತಾಗೀತು ಅಂತ."

ಹಾನಗಲ್ಲಿನ ಬಜಾರಿಗೆ ಬಂದಾಗ ಹೊತ್ತು ಏರಿತ್ತು. ರಸ್ತೆಯ ಎರಡೂ ಬದಿಗೆ ಮಂದಿ. ನಾನು ಜಾಗ ಸಿಕ್ಕಲ್ಲಿ ನುಗ್ಗಿ ದಾಟಿಬಿಡಬೇಕೆಂದು ಹಿಡಿಕೆ ಎಳೆದೆ. ಅತ್ತೆ ನನ್ನ ಮೊಣಕೈ ಮುಟ್ಟಿದರು.

"ಇಷ್ಟು ಜೋರ್ ಯಾಕ ಹೊಂಟಿ?" ಎಂದರು, ಸೆರಗು ಸರಿಮಾಡಿಕೊಳ್ಳುತ್ತ. "ಸಾವಕಾಶ ಹೋಗು. ಮಂದಿ ನೋಡಬ್ಯಾಡೇನು?"